ಬಿಳಿಚಿದ ಸಸಿಗಳಿಗೆ ಹಾಕಿದ ಮಾತ್ರೆ

ಸಸ್ಯಗಳ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ ಅವಳು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಎಲ್ಲರ ಬಾಯಲ್ಲೂ ಅವಳು ಬಾಟಲಿ ಅಕ್ಕ. ಕುಂಡಗಳಿಗೆ ನೀರು ಹಾಕುವುದೂ ಅವಳ ಪಾಲಿನದೇ.

ಆ ವರ್ಷ ಅವಳ ಅಂಗಾಲು ಜುಮುಗುಟ್ಟತೊಡಗಿ, ಡಾಕ್ಟರು ಬಿ-ಒಂದು ವಿಟಮಿನ್ ಮಾತ್ರೆ ಬರೆದುಕೊಟ್ಟಿದ್ದರು. ಅದೇ ಹೊತ್ತಿಗೆ ಪ್ರಯೋಗಾಲಯದ ಮೇಡಂ ಬೆಳೆಸುತ್ತಿದ್ದ ಹೊಸ ಸಸಿಗಳು ನಾಲ್ಕೆಲೆ ಬಿಡುವಷ್ಟರಲ್ಲಿ ಬಿಳಿಚಿಕೊಂಡು ಒರಗುತ್ತಿದ್ದವು. ಇವಕ್ಕೇನಾಗಿದೆ ಎಂದು ಅವಳು ಕೇಳಿದಾಗ, ನಿಮ್ಮ ಮಾತ್ರೆಯಲ್ಲಿರುವುದೇ ಇವಕ್ಕೂ ಕಡಿಮೆ ಎಂದರು ಮೇಡಂ. ಗಿಡ ಆ ವಿಟಮಿನ್ನನ್ನು ತಾನೇ ಹಂತಹಂತವಾಗಿ ಮಾಡಿಕೊಳ್ಳುತ್ತದೆ, ಒಂದೊಂದು ಹಂತಕ್ಕೆ ಒಂದೊಂದು ಕಿಣ್ವ. ಈ ಸಸಿಗಳಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಇಲ್ಲ. ಇನ್ನೊಂದು ಕಿಣ್ವವಂತೂ ತನ್ನ ಮೈಯಿಂದಲೇ ಚೂರು ಗಂಧಕ ಕೊಟ್ಟು, ಒಂದೇ ಸಲಕ್ಕೆ ನಿಷ್ಪ್ರಯೋಜಕವಾಗುತ್ತದಂತೆ.

ಅವಳು ಅದನ್ನೆಲ್ಲ ದರ್ಜಿಯಾದ ಗಂಡನಿಗೆ ಹೇಳಿದಳು.

"ಗುಂಡಿಗೆ ಕಾಜಾ ಮಾಡೋನು ಬರದಿದ್ರೆ ಅಂಗಿ ಅಲ್ಲಿಗೇ ನಿಲ್ಲುತ್ತೆ. ಅಷ್ಟೇ ತಾನೇ?" ಎಂದ ಅವನು.

"ಅದು ಸರಿ. ತನ್ನ ಅಂಗಿ ಗುಂಡೀನೇ ಕಿತ್ತುಕೊಟ್ಟು ಕೆಲಸ ಬಿಡೋನು ಒಬ್ಬ ಇದಾನಲ್ಲ, ಅವನ್ಯಾಕೆ ಹಾಗೆ ಮಾಡ್ತಾನೆ?"

ಗಂಡ ಮತ್ತೆ ಬಟ್ಟೆ ಕತ್ತರಿಸಲು ಕೂತ. ಇಬ್ಬರಿಗೂ ತಲೆಬುಡ ತಿಳಿಯಲಿಲ್ಲ.

ಅದಕ್ಕಿಂತ ಹೆಚ್ಚು ಅವಳನ್ನು ಕಾಡಿದ್ದು ಬೇರೆ. ಕಾಯಿಲೆ ಗೊತ್ತು, ಮದ್ದೂ ಗೊತ್ತು, ಆದರೂ ಮೇಡಂ ಬರೀ ನೀರು ಹಾಕಿ ಎನ್ನುತ್ತಾರಲ್ಲ. ಮರುದಿನ ತನ್ನ ಮಾತ್ರೆ ಪುಡಿಮಾಡಿ ನೀರಿಗೆ ಕದಡಿ, ಮೂಲೆಯ ನಾಲ್ಕು ಕುಂಡಗಳಿಗೆ ಹಾಕಿಬಿಟ್ಟಳು.

ವಾರದೊಳಗೆ ಆ ನಾಲ್ಕರ ಸುಳಿಯಲ್ಲಿ ಹಸಿರು ಮೂಡಿತು. ಈಗ ಮೇಡಂಗೇ ದಿಕ್ಕು ತೋಚಲಿಲ್ಲ. ಬೀಜ ಬೆರಕೆಯಾಯಿತೇ ಎಂದು ಪೊಟ್ಟಣಗಳನ್ನೆಲ್ಲ ಬಿಚ್ಚಿದರು, ಚೀಟಿಗಳನ್ನು ತಾಳೆ ನೋಡಿದರು, ಮತ್ತೆ ಬಿತ್ತಿದರು. ಬಾಟಲಿ ಅಕ್ಕ ಮೂರು ದಿನ ತಲೆ ಬಗ್ಗಿಸಿ ಬಾಟಲಿ ಉಜ್ಜಿದಳು. ಬದುಕಿಸಿದ್ದು ಯಾಕೆ ತಪ್ಪೆನಿಸುತ್ತಿದೆ ಎಂದು ಅವಳಿಗೇ ಅರ್ಥವಾಗಲಿಲ್ಲ. ನಾಲ್ಕನೆಯ ದಿನ ಎಲ್ಲ ಹೇಳಿಬಿಟ್ಟಳು.

ಮೇಡಂ ಸ್ಟೂಲಿನ ಮೇಲೆ ಕೂತರು. ಬೈಯಲಿಲ್ಲ. ವಿಟಮಿನ್ ಹಾಕಿ ನೋಡುವುದು ಮುಂದಿನ ತಿಂಗಳಿಗಿತ್ತು, ಮೊದಲು ಅದಿಲ್ಲದೆ ಏನಾಗುತ್ತದೆಂದು ನೋಡಬೇಕಿತ್ತು ಎಂದರು. ಆಮೇಲೆ ಪೆನ್ನು ತೆಗೆದು, "ಎಷ್ಟು ಮಾತ್ರೆ ಹಾಕಿದ್ರಿ ಅಕ್ಕ?" ಎಂದು ಕೇಳಿದರು.

"ಒಂದು. ಇಲ್ಲ, ಒಂದೂವರೆ ಇರಬೇಕು ಮೇಡಂ. ಉಳಿದರ್ಧ ನಾನೇ ನುಂಗಿದ್ನೋ ಏನೋ."

ಮೇಡಂ ಏನೂ ಬರೆಯದೆ ಪೆನ್ನು ಮುಚ್ಚಿದರು. ಅಂದಿನಿಂದ ನೀರು ಹಾಕುವ ಕೆಲಸ ಅವರೇ ನೋಡಿಕೊಂಡರು. ಲೆಕ್ಕಕ್ಕೆ ಬಾರದ ಆ ನಾಲ್ಕು ಕುಂಡಗಳನ್ನು ಮಾತ್ರ ಎಸೆಯದೆ ಕಿಟಕಿಯ ಬಳಿ ಇಟ್ಟರು. ಅವು ಹೂಬಿಟ್ಟಾಗ ಬಾಟಲಿ ಅಕ್ಕ ದೂರದಿಂದಲೇ ನೋಡಿದಳು. ಖುಷಿಪಡಬೇಕೋ ನಾಚಿಕೊಳ್ಳಬೇಕೋ ಅವಳಿಗೆ ಗೊತ್ತಾಗಲಿಲ್ಲ.