ರೆಕ್ಕೆ ಹೊಲಿದ ಬೆಂಗ್ರೆಯ ಅಜ್ಜ

ಮೊನ್ನೆ ಮನೆಯಲ್ಲಿ ಹೆಂಡತಿ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅರವತ್ತರ ದಶಕದ ನಮ್ಮ ಕೊಡಿಯಾಲ್‌ಬೈಲ್ ಕಾಲೇಜಿನ ಶೆಡ್ಡು ಕಣ್ಣ ಮುಂದೆ ಬಂತು...

ಅಲ್ಲಿ ಯುದ್ಧಕಾಲದ ಒಂದು ಹಳೇ ವಿಮಾನವಿತ್ತು. ಹಾರಿಸಲಿಕ್ಕಲ್ಲ, ಅಂಗಳದಲ್ಲಿ ನಿಲ್ಲಿಸಲಿಕ್ಕೆ. ವಾಯುಪಡೆಯಿಂದ ನಿವೃತ್ತರಾಗಿದ್ದ ಮೇಷ್ಟ್ರು ಹೇಳಿದಂತೆ ನಾವು ಏಳೆಂಟು ಮಂದಿ ಭಾನುವಾರ ಪುಕ್ಕಟೆ ರಿಪೇರಿ ಮಾಡುತ್ತಿದ್ದೆವು. ಅದರ ರೆಕ್ಕೆಗೆ ಮರದ ಪಟ್ಟಿಗಳ ಮೇಲೆ ಹೊಲಿದ ಬಟ್ಟೆಯ ಹೊದಿಕೆ. ಬಟ್ಟೆ ಬಿಗಿಯಾಗಲು ಹಚ್ಚುವ ವಾರ್ನಿಷಿಗೆ ಥೇಟ್ ಇದೇ ವಾಸನೆ. ಹಚ್ಚಲು ಹೋಗಿ ನಾನು ಸ್ಟೂಲಿಗೇ ಅಂಟಿಕೊಂಡು, ಸ್ಟೂಲ್ ಸಮೇತ ಎದ್ದು ಮೇಷ್ಟ್ರಿಗೆ ನಮಸ್ಕಾರ ಹೇಳಿದ್ದೆ. ಆಮೇಲೆ ನನ್ನ ಕೈಗೆ ಬರೀ ಪೆನ್ಸಿಲು ಬಂತು: ಹೊಲಿಯುವ ಜಾಗಕ್ಕೆ ಗೆರೆ ಎಳೆಯುವ ಕೆಲಸ.

ಹೊಲಿಯುವವರು ಬೆಂಗ್ರೆಯ ಅಜ್ಜ. ಬಲೆ ನೇಯ್ದು ಹಣ್ಣಾದ ಕೈ. ದೋಣಿಯಲ್ಲಿ ಹೊಳೆ ದಾಟಿ ಬಂದು, ಬಾಯಲ್ಲಿ ವೀಳ್ಯ ತುಂಬಿಕೊಂಡು, ಮಾತಿಲ್ಲದೆ ಕೂತು ಹೊಲಿಯುತ್ತಿದ್ದರು.

ಒಂದು ಭಾನುವಾರ ತಮಾಷೆಗೆಂದು ನಾನು ಗೆರೆಯನ್ನು ಹಾವು ಹರಿದ ಹಾಗೆ ಎಳೆದೆ. ಅಜ್ಜ ಬಟ್ಟೆಯಡಿಯ ಮರದ ಪಟ್ಟಿಯನ್ನು ಬೆರಳಲ್ಲಿ ಸವರುತ್ತಾ ನೇರವಾಗಿ ಹೊಲಿದುಕೊಂಡು ಹೋದರು.

“ಅಜ್ಜ, ಗೆರೆ ಇಲ್ಲಿ ಉಂಟಲ್ಲ?”

“ಯಾವ ಗೆರೆ ಮಾರಾಯ?”

ಆಗ ಹೊಳೆಯಿತು. ಅವರ ಕಣ್ಣಿಗೆ ಪೆನ್ಸಿಲಿನ ಗೆರೆ ಕಾಣುತ್ತಲೇ ಇರಲಿಲ್ಲ...

ಅಜ್ಜ ಸೂಜಿ ಕೆಳಗಿಟ್ಟರು. “ಯಾರಿಗೂ ಹೇಳ್ಬೇಡ ಮಗಾ. ಕಣ್ಣಿಲ್ಲ ಅಂತ ಗೊತ್ತಾದ್ರೆ ಮನೆಯವರು ಬಲೆ ಮುಟ್ಲಿಕ್ಕೂ ಬಿಡ್ಲಿಕ್ಕಿಲ್ಲ. ಮತ್ತೆ ನಾನು ಎಂತ ಮಾಡುವುದು?”

ಸಂಜೆ ಮೇಷ್ಟ್ರು ನನ್ನ ಹಾವಿನ ಗೆರೆಯನ್ನು ನೋಡಿದರು. “ಇದು ಯಾರ ಕೆಲಸ?”

“ನನ್ನದೇ ಸಾರ್. ಎಳೆಯುವಾಗ ಅಂಕುಡೊಂಕಿನ ಪಡೀಲ್ ರಸ್ತೆ ನೆನಪಾಯ್ತು.”

“ನಿನ್ನದೂ ಒಂದು ಕಣ್ಣಾ? ಅಜ್ಜನ ಕಣ್ಣು ನೋಡಿ ಕಲಿ. ನಿನ್ನ ತಪ್ಪು ಗೆರೆಯನ್ನು ಬಿಟ್ಟು ಹೇಗೆ ನೇರ ಹೊಲಿದಿದ್ದಾರೆ ನೋಡು.”

ಅಜ್ಜ ತಲೆ ತಗ್ಗಿಸಿ ವೀಳ್ಯ ಜಗಿಯುತ್ತಿದ್ದರು. ನನ್ನ ಕೈಯಿಂದ ಪೆನ್ಸಿಲೂ ಹೋಯಿತು. ಅಜ್ಜನ ಸೂಜಿಗೆ ನೂಲು ಪೋಣಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ರೆಕ್ಕೆ ಮುಗಿಯುವವರೆಗೂ ಪೋಣಿಸಿದೆ.

ಕೆಲವು ವರ್ಷಗಳ ನಂತರ ಅಜ್ಜ ತೀರಿಕೊಂಡರೆಂದು ಕೇಳಿ ದೋಣಿಯಲ್ಲಿ ಬೆಂಗ್ರೆಗೆ ಹೋದೆ. ಮಗ ಎಲ್ಲರಿಗೂ ಹೇಳುತ್ತಿದ್ದರು: “ಅಪ್ಪನ ಕಣ್ಣು ಮಾತ್ರ ಕಡೆಯವರೆಗೆ ಸರಿ ಇತ್ತು. ಮೊನ್ನೆಯೂ ಬಲೆ ಹೊಲಿದಿದ್ದಾರೆ.” ನನ್ನ ಕಡೆ ತಿರುಗಿದರು. “ಅಲ್ವಾ? ನೀವು ಶೆಡ್ಡಿನಲ್ಲಿ ಕಂಡಿದ್ದೀರಲ್ಲ?”

ಊರಿಗೆಲ್ಲ ಗುಟ್ಟು ಹಂಚುವ ಬಾಯಿ ನನ್ನದು. ಹೌದು ಎಂದೆ, ಅಷ್ಟೇ.

ವಿಮಾನ ಗುಜರಿಗೆ ಹೋಗಿದೆ. ಅಜ್ಜನ ಮಗನೂ ಹೋದ ವರ್ಷ ತೀರಿಕೊಂಡರು. ಇನ್ನು ಇದನ್ನು ಬಚ್ಚಿಡಬೇಕಾದದ್ದು ಯಾರಿಂದ... ಅದಕ್ಕೇ ಬರೆದೆ.