ಕಾಲಿಗೆ ಕೇಳುತ್ತಿದ್ದ ಬೇಸ್

ತೊಂಬತ್ತರ ದಶಕ ಮುಗಿಯುತ್ತ ಬಂದ ವರ್ಷಗಳಲ್ಲಿ ನಾನು ಮೈಸೂರಿನ ಒಂದು ಸಣ್ಣ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ. ಹಗಲೆಲ್ಲ ಔಷಧಿ ಅಂಗಡಿಯಲ್ಲಿ ಕೆಲಸ. ಸಂಜೆ ಎಲ್ಲಾದರೂ ಆರತಕ್ಷತೆಯೋ, ಗಣೇಶನ ಪೆಂಡಾಲೋ, ರಾಜ್ಯೋತ್ಸವವೋ ಇದ್ದರೆ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಹೊರಡುತ್ತಿದ್ದೆ.

ಅಭ್ಯಾಸ ನಡೆಯುತ್ತಿದ್ದುದು ದೇವರಾಜ ಮೊಹಲ್ಲಾದ ಒಂದು ಪಾತ್ರೆ ಅಂಗಡಿಯ ಮೇಲೆ, ಮರದ ಹಲಗೆ ಹಾಸಿದ ಮಹಡಿಯಲ್ಲಿ. ಅಂಗಡಿ ನಮ್ಮ ಕೀಬೋರ್ಡ್ ನುಡಿಸುವವರ ಮನೆತನದ್ದು. ಆರ್ಕೆಸ್ಟ್ರಾಕ್ಕೂ ಅವರೇ ಯಜಮಾನರು. ಮಾಸ್ಟ್ರು ಎಂದು ಕರೆಯುತ್ತಿದ್ದೆವು. ನಾನು ದಪ್ಪ ತಂತಿ ಮೀಟಿದರೆ ಕೆಳಗೆ ಜೋಡಿಸಿಟ್ಟ ಹಿತ್ತಾಳೆ ಬಿಂದಿಗೆಗಳು ಗುಂಯ್ ಎನ್ನುತ್ತಿದ್ದವು. ಮಾಸ್ಟ್ರ ತಂದೆ ಮೆಟ್ಟಿಲ ಬುಡದಲ್ಲಿ ನಿಂತು, "ಗಿರಾಕಿ ಮಾತೇ ಕೇಳಿಸ್ತಿಲ್ಲ ಕಣ್ರಪ್ಪಾ, ವಸಿ ಮೆಲ್ಲಗೆ!" ಎಂದು ಕೂಗುತ್ತಿದ್ದರು.

ಮೆಲ್ಲಗೆ ನುಡಿಸುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನ ಪಕ್ಕದಲ್ಲೇ ಕೂತು ಡ್ರಮ್ಸ್ ನುಡಿಸುತ್ತಿದ್ದ ಅಣ್ಣ ಪ್ರತಿ ತಿಂಗಳೂ ಇನ್ನಷ್ಟು ಜೋರಾಗುತ್ತಿದ್ದ. ಒಡಹುಟ್ಟಿದವನಲ್ಲ, ಅಣ್ಣ ಎಂದು ಕರೆಯುತ್ತಿದ್ದೆ ಅಷ್ಟೆ. ಅವನು ನನ್ನಂತೆಯೇ ಕುಂಬಾರಕೊಪ್ಪಲಿನವನು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವನು. ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಮುಂದೆ ಅವನ ಕೆಲಸ. ಅವನು ಬಡಿದಷ್ಟೂ ನನ್ನ ಗಿಟಾರ್ ನನಗೇ ಕೇಳಿಸುತ್ತಿರಲಿಲ್ಲ. ಕೇಳಿಸದಿದ್ದರೆ ಬೆರಳುಗಳಿಗೆ ಒಂದು ಥರ ಚಡಪಡಿಕೆ. ನುಡಿಸುತ್ತಿದ್ದಂತೆಯೇ ಕೈ ಹಿಂದಿನ ಸ್ಪೀಕರ್ ಪೆಟ್ಟಿಗೆಯ ವಾಲ್ಯೂಮ್ ಗುಂಡಿಯ ಕಡೆ ಹೋಗುತ್ತಿತ್ತು. ನಾನು ಏರಿಸಿದೆ ಎಂದು ಮಾಸ್ಟ್ರು ಏರಿಸುತ್ತಿದ್ದರು. ಎಲ್ಲರೂ ಏರಿಸಿದ ಮೇಲೆ ಏಟು ಬೀಳುತ್ತಿದ್ದುದು ಹಾಡುವ ಅಕ್ಕನ ಗಂಟಲಿಗೆ.

ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವರು ಪ್ರೈಮರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದರು. ಹಗಲಿಡೀ ಮಕ್ಕಳ ಮುಂದೆ ಮಾತಾಡಿ ಸಂಜೆ ನಮ್ಮ ಗದ್ದಲದ ಮೇಲೆ ಹಾಡಬೇಕು. ಒಂದು ಆರತಕ್ಷತೆಯಲ್ಲಿ ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡು ಒಬ್ಬೊಬ್ಬರಾಗಿ ಊಟದ ಮನೆಗೆ ಎದ್ದುಹೋದರು. ಹುಡುಗಿಯ ಸೋದರಮಾವ ವೇದಿಕೆಯ ಹತ್ತಿರ ಬಂದು ಏನೋ ಹೇಳಿದರು, ಅದೂ ಕೇಳಿಸಲಿಲ್ಲ. ಎರಡನೇ ಚರಣದ ನಡುವೆ ಅಕ್ಕ ಹಾಡುವುದನ್ನು ನಿಲ್ಲಿಸಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದುಬಿಟ್ಟರು.

ಆಮೇಲೆ ಕೈತೊಳೆಯುವ ಜಾಗದ ಹತ್ತಿರ ನಮ್ಮನ್ನೆಲ್ಲ ನಿಲ್ಲಿಸಿಕೊಂಡು, "ನಾನು ಹಾಡ್ತಿದೀನೋ ಕಿರುಚ್ತಿದೀನೋ ನಂಗೇ ಗೊತ್ತಾಗ್ತಿಲ್ಲ. ಇನ್ನೊಂದು ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೊಳಿ" ಎಂದರು. ಅವರ ದನಿ ಒಡೆದಿತ್ತು.

ಮಾಸ್ಟ್ರು ನನ್ನ ಕಡೆ ತಿರುಗಿ, "ಮೊದ್ಲು ನೀನು ಇಳಿಸು. ಬೇಸ್ ಇಳಿದ್ರೆ ಎಲ್ಲಾ ತಾನಾಗೇ ಇಳೀತದೆ" ಎಂದರು.

ಮುಂದಿನ ಅಭ್ಯಾಸದಲ್ಲಿ ಇಳಿಸಿದೆ. ವಿಚಿತ್ರವಾದದ್ದು ಆಗ ನಡೆಯಿತು. ನಾನು ಇಳಿಸಿದ ಕೂಡಲೇ ಅಣ್ಣನ ತಾಳ ಜಾರಿತು. ಎಂದೂ ಲಯ ತಪ್ಪದವನು ಹಾಡಿಗಿಂತ ಮುಂದೆ ಓಡಿಬಿಟ್ಟ. ಗಾಬರಿಯಿಂದ ನನ್ನನ್ನೇ ನೋಡುತ್ತ ಇನ್ನೂ ಜೋರಾಗಿ ಬಡಿದ. ನಾನು ಏರಿಸಿದೆ, ಸರಿಹೋದ. ಮತ್ತೆ ಇಳಿಸಿದೆ, ಮತ್ತೆ ತಪ್ಪಿದ. ಮನೆಗೆ ಬಂದರೂ ಅದೇ ಯೋಚನೆ. ಅವನಿಗೆ ನನ್ನ ಮೇಲೆ ಕೋಪವೇ? ಅಂಗಡಿಯಲ್ಲಿ ಮಾತ್ರೆ ಎಣಿಸುವಾಗಲೂ ಬೆರಳು ಗಾಜಿನ ಮೇಲೆ ತಾಳ ಕುಟ್ಟುತ್ತಿತ್ತು.

ಆ ವಾರವೇ ಅಂಗಡಿಯ ಕೆಲಸಕ್ಕೆಂದು ಹೆಬ್ಬಾಳಕ್ಕೆ ಹೋಗಿದ್ದೆ. ಶಿಫ್ಟ್ ಬಿಡುವ ಹೊತ್ತು. ಬಸ್ ನಿಲ್ದಾಣದ ಗುಂಪಿನಲ್ಲಿ ಅಣ್ಣ ನನಗೆ ಬೆನ್ನು ಹಾಕಿ ನಿಂತಿದ್ದ. ಕೂಗಿದೆ. ತಿರುಗಲಿಲ್ಲ. ಹತ್ತಿರ ಹೋಗಿ ಗಟ್ಟಿಯಾಗಿ ಕೂಗಿದೆ. ಅಕ್ಕಪಕ್ಕದವರೆಲ್ಲ ನೋಡಿದರು, ಅವನೊಬ್ಬ ನೋಡಲಿಲ್ಲ. ಜೊತೆಯಲ್ಲಿದ್ದ ಕೆಲಸಗಾರನೊಬ್ಬ ಅವನ ಭುಜ ತಟ್ಟಿ ನನ್ನತ್ತ ಕೈ ತೋರಿಸಿದ. ಹಾಗೆ ತಟ್ಟಿ ಕರೆಯುವುದು ಅವರಿಗೆ ರೂಢಿಯಾದಂತಿತ್ತು.

ಬಸ್ಸಿನಲ್ಲಿ ಪಕ್ಕಪಕ್ಕ ಕೂತೆವು. ನಾನು ಮಾತಾಡುವಾಗ ಅವನ ಕಣ್ಣು ನನ್ನ ತುಟಿಯ ಮೇಲೇ ಇತ್ತು. ಇಷ್ಟು ವರ್ಷ ಅದನ್ನು ನಾನು ಗಮನಿಸಿಯೇ ಇರಲಿಲ್ಲ.

"ಅಣ್ಣಾ, ಕಿವಿ..." ಎಂದೆ.

ಅವನು ಕಿಟಕಿಯ ಆಚೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಎಡಗಿವಿ ಓಗ್ಬುಟ್ಟದೆ ಕಣೋ. ಬಲದ್ದೂ ಓಯ್ತಾ ಅದೆ. ಆ ಮಿಸನ್ ಮುಂದೆ ಇಷ್ಟು ವರ್ಸ ನಿಂತ್ರೆ ಇನ್ನೇನಾದದು" ಎಂದ.

"ಮತ್ತೆ ನುಡಿಸೋದು ಎಂಗೆ?"

"ನಿನ್ನ ಬೇಸು ಕಿವಿಗೆ ಕೇಳಲ್ಲ, ಕಾಲಿಗೆ ಗೊತ್ತಾಯ್ತದೆ. ಅಲಗೆ ಅದುರ್ತದಲ್ಲ, ಅದನ್ನ ಇಡ್ಕೊಂಡು ಓಯ್ತೀನಿ. ನೀನು ಇಳಿಸ್ಬುಟ್ರೆ ನಂಗೆ ಕತ್ತಲೆ ಕಣೋ." ನನ್ನ ಮೊಣಕೈ ಹಿಡಿದು, "ಯಾರ್ಗೂ ಯೋಳ್ಬೇಡ. ಕಿವುಡ ಅಂತ ತಿಳಿದ್ರೆ ಯಾರು ಕರೀತಾರೆ?" ಎಂದ.

ಹೇಳುವುದಿಲ್ಲ ಎಂದೆ. ಆದರೆ ಅಂದಿನಿಂದ ನನಗೆ ನೆಮ್ಮದಿ ಇಲ್ಲವಾಯಿತು. ಏರಿಸಿದರೆ ಅಕ್ಕ ಹೋಗುತ್ತಾರೆ. ಇಳಿಸಿದರೆ ಅಣ್ಣ ಬೀಳುತ್ತಾನೆ. ಇಬ್ಬರ ನಡುವೆ ಆ ಗುಂಡಿ ನನ್ನ ಕೈಯಲ್ಲಿ.

ಮೊದಲು ಹೊಳೆದದ್ದು ಪೆಟ್ಟಿಗೆಯ ಜಾಗ ಬದಲಿಸುವುದು. ನನ್ನ ಹಿಂದಿದ್ದ ಸ್ಪೀಕರ್ ಪೆಟ್ಟಿಗೆಯನ್ನು ಅಣ್ಣನ ಸ್ಟೂಲಿಗೆ ತಾಗುವಂತೆ ಇಟ್ಟೆ. "ಅಲ್ಲ್ಯಾಕೋ?" ಎಂದರು ಮಾಸ್ಟ್ರು. "ಸದ್ದು ಜನರ ಕಡೆ ನೇರವಾಗಿ ಹೋಗಲ್ಲ ಮಾಸ್ಟ್ರೇ" ಎಂದೆ. ಅದೂ ನಿಜವೇ ಆಗಿತ್ತು. ವಾಲ್ಯೂಮನ್ನು ಅರ್ಧಕ್ಕಿಂತ ಕೆಳಗೆ ತಂದೆ. ಉಗುರು ತಾಗದಂತೆ ಬೆರಳ ತುದಿಯ ಮಾಂಸದಿಂದ, ಗಿಟಾರಿನ ಕುತ್ತಿಗೆಯ ಹತ್ತಿರ ಮೀಟುವುದನ್ನು ಕಲಿತೆ. ಅಲ್ಲಿ ಮೀಟಿದರೆ ನಾದ ದುಂಡಗಿರುತ್ತದೆ, ಚುಚ್ಚುವುದಿಲ್ಲ. ಅಕ್ಕ ಹಾಡುವಾಗ ಅಂಗೈಯ ಅಂಚನ್ನು ತಂತಿಗೆ ತಾಗಿಸಿ ನಾದವನ್ನು ಗಿಡ್ಡ ಮಾಡುತ್ತಿದ್ದೆ. ಹಾಡಿನ ನಡುವೆ ಬರೀ ವಾದ್ಯಗಳೇ ಬರುವ ಬಿಜಿಎಂನಲ್ಲಿ ಮಾತ್ರ ಅಂಗೈ ಎತ್ತಿ ನಾದವನ್ನು ಬಿಡುತ್ತಿದ್ದೆ. ಗಣೇಶನ ಪೆಂಡಾಲಿನ ಹಲಗೆ ವೇದಿಕೆಗಳ ಮೇಲೆ ಇದು ಚೆನ್ನಾಗಿ ನಡೆಯಿತು. ಅಣ್ಣನ ಏಟೂ ನಿಧಾನವಾಗಿ ಹಗುರಾಯಿತು.

ಆಮೇಲೊಂದು ಕಲ್ಯಾಣ ಮಂಟಪದಲ್ಲಿ ಗ್ರಾನೈಟ್ ಹಾಸಿದ ವೇದಿಕೆ ಸಿಕ್ಕಿತು. ಕಲ್ಲು ಅದುರುವುದಿಲ್ಲ. ಮೊದಲ ಪಲ್ಲವಿಯಲ್ಲೇ ಅಣ್ಣನ ಮುಖ ಬಿಳಿಚಿಕೊಂಡಿತು. ನನ್ನ ಕೈ ಗುಂಡಿಯ ಮೇಲೆ ಹೋಯಿತು. ಅಕ್ಕ ಅದನ್ನೇ ನೋಡುತ್ತಿದ್ದರು. ಏನು ಮಾಡಲೂ ತೋಚದೆ ಅಣ್ಣನಿಗೆ ಎದುರಾಗಿ, ಜನರಿಗೆ ಬೆನ್ನು ಹಾಕಿ ನಿಂತುಬಿಟ್ಟೆ. ಪ್ರತಿ ತಾಳಕ್ಕೂ ಮೊಣಕೈಯನ್ನು ದೂರದವರೆಗೆ ಬೀಸಿ, ಭುಜ ಕುಣಿಸಿ, ತಂತಿಯನ್ನು ಮಾತ್ರ ಮುಟ್ಟಿಯೂ ಮುಟ್ಟದಂತೆ ಮೀಟಿದೆ. ದೊಡ್ಡ ಬೀಸಿನ ಕೊನೆಯಲ್ಲಿ ಸಣ್ಣ ಸದ್ದು ಮಾಡುವುದು ಎಷ್ಟು ಕಷ್ಟವೆಂದು ಆ ಸಂಜೆ ತಿಳಿಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಅಣ್ಣ ನನ್ನ ಮೊಣಕೈಯಿಂದ ಕಣ್ಣು ಕೀಳಲಿಲ್ಲ. ಕೊನೆಯವರೆಗೂ ತಾಳ ತಪ್ಪಲಿಲ್ಲ.

ಇಳಿದ ಮೇಲೆ ಮಾಸ್ಟ್ರು ರೇಗಿದರು: "ಜನಕ್ಕೆ ಬೆನ್ನು ಹಾಕಿ ಅದೇನೋ ಕುಣಿತ? ಮಾನ ಮರ್ಯಾದೆ ಬೇಡ್ವಾ?"

ಅವರ ಮುಖವನ್ನೇ ನೋಡುತ್ತಿದ್ದ ಅಣ್ಣನಿಗೆ ಮಾತು ಅರ್ಥವಾಗಿತ್ತು. ಕೋಲುಗಳನ್ನು ಚೀಲಕ್ಕೆ ಹಾಕುತ್ತಿದ್ದವನು ಎದ್ದು ಬಂದ.

"ಅವ್ನನ್ನ ಬಯ್ಬೇಡಿ ಮಾಸ್ಟ್ರೇ. ನಂಗೆ ಕಿವಿ ಕೇಳ್ಸಕ್ಕಿಲ್ಲ. ಅವ್ನು ಕುಣ್ದಿದ್ದು ನಂಗೋಸ್ಕರ."

ಅಕ್ಕ ಮುಂದೆ ಬಂದು ಅವನ ಎದುರು ನಿಂತು, ತುಟಿ ಕಾಣುವಂತೆ ನಿಧಾನವಾಗಿ, "ಎಷ್ಟು ದಿನದಿಂದ?" ಎಂದು ಕೇಳಿದರು. ಅವನು ಗಾಳಿಯಲ್ಲಿ ಕೈ ಆಡಿಸಿದ. ಬಹಳ ದಿನದಿಂದ.

ಯಾರೂ ಅವನನ್ನು ಬಿಡಲಿಲ್ಲ. ಮಾಸ್ಟ್ರೇ ಒಂದು ದೊಡ್ಡ ಹಲಗೆ ಮಾಡಿಸಿದರು. ಕಲ್ಲಿನ ವೇದಿಕೆ ಇದ್ದಲ್ಲೆಲ್ಲ ಸ್ಟೂಲು, ಪೆಟ್ಟಿಗೆ ಎರಡೂ ಅದರ ಮೇಲೆ. ಹಾಗೆ ಐದಾರು ವರ್ಷ ನುಡಿಸಿದೆವು. ನನ್ನ ಆತಂಕ ಮಾತ್ರ ಪೂರ್ತಿ ಹೋಗಲಿಲ್ಲ. ಪ್ರತಿ ಸಲ ವೇದಿಕೆ ಹತ್ತಿದಾಗ ಮೊದಲು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡುತ್ತಿದ್ದೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಿಗೆ ಅಣ್ಣನ ಮಗಳು ಹಟ ಮಾಡಿ ಅವನಿಗೆ ಕಿವಿಯ ಮಿಷನ್ ಹಾಕಿಸಿದಳು. ಅದನ್ನು ಹಾಕಿಕೊಂಡು ಅಭ್ಯಾಸಕ್ಕೆ ಬಂದ ಮೊದಲ ದಿನ, ತನ್ನದೇ ಏಟಿಗೆ ಬೆಚ್ಚಿಬಿದ್ದ. ನಾನು ಮೀಟಿದಾಗ ಮುಖ ಕಿವುಚಿ, "ತಗಡು ಬಡ್ದಂಗೆ ಕೇಳ್ತದಲ್ಲೋ ನಿಂದು! ಕಾಲಿಗೇ ವಾಸಿ ಇತ್ತು" ಎಂದು ನಕ್ಕ. ಆಮೇಲೆ ಅಕ್ಕನ ಕಡೆ ತಿರುಗಿ, ಸ್ವಲ್ಪ ಸಂಕೋಚದಿಂದ, "ಅಕ್ಕಾ, ವಾದ್ಯ ಎಲ್ಲಾ ಬುಟ್ಟು ನೀವೊಬ್ರೇ ಒಂದು ಆಡಿ. ನಿಮ್ ದನಿ ಕೇಳಿ ಬಾಳ ವರ್ಸ ಆಯ್ತು" ಎಂದ.

ಅಕ್ಕ ಕೂತಲ್ಲೇ, ಮೈಕಿಲ್ಲದೆ ಹಾಡಿದರು. ಅವನು ಕೋಲುಗಳನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೇಳಿದ. ಸುಮ್ಮನೆ ಕೂರುವುದು ನನಗೆ ಆಗುತ್ತಿರಲಿಲ್ಲ. ಅಕ್ಕನ ದನಿಗೆ ಅದುರಿ ಗಿಟಾರಿನ ತಂತಿಗಳು ತಾವಾಗಿಯೇ ಮಿಡಿಯದಂತೆ, ಹಾಡು ಮುಗಿಯುವವರೆಗೂ ಅವುಗಳ ಮೇಲೆ ಅಂಗೈ ಒತ್ತಿ ಹಿಡಿದಿದ್ದೆ.