ಬಾಗಿಲಿಗೆ ಬಂದ ಮುಯ್ಯಿ

ಬೆಳಿಗ್ಗೆ ಶಾವಿಗೆಗೆ ಹಿಟ್ಟು ನಾದುತ್ತಿದ್ದೆ. ತಲೆಯೆತ್ತಿದರೆ ಓಣಿಯ ನಾಲ್ವರು ಹೆಂಗಸರು ಸೆರಗು ಸಿಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ಯಾರನ್ನೂ ಕರೆದಿರಲಿಲ್ಲ.

ನಮ್ಮೂರು ಸಂಗೊಳ್ಳಿಯಲ್ಲಿ ಅಂದು ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವ ದಿನ. ಮಳೆ ಹಿಡಿಯುವುದರೊಳಗೆ ಶಾವಿಗೆ ಒಣಗಬೇಕಿತ್ತು. ‘ನಾಳೆ ಒಂದು ದಿನ ಸಾಲಿ ಬಿಡು’ ಎಂದು ಏಳನೇ ತರಗತಿಗೆ ಕಾಲಿಡಲಿದ್ದ ಮಗಳು ಶ್ವೇತಾಳಿಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ.

“ರಜಾದಾಗ ನಿನ್ನ ಮಗಳು ನಮ್ಮೆಲ್ಲಾರ ಮನ್ಯಾಗ ಶಾವಗಿ ಮಷಿನ್ ತಿರುವ್ಯಾಳ. ಆ ಮುಯ್ಯಾ ಇವತ್ತ ತೀರಸ್ರಿ ಅಂತ ನಿನ್ನಿ ಸಂಜಿಕ ಬಂದು ಹೇಳ್ಯಾಳವಾ” ಎಂದಳು ಪಕ್ಕದ ಮನೆಯ ಗಂಗವ್ವ.

ಅಷ್ಟರಲ್ಲಿ ಶ್ವೇತಾ ಯೂನಿಫಾರ್ಮ್ ತೊಟ್ಟು, ಎರಡು ಜಡೆ ಹಾಕಿಕೊಂಡು ಹೊರಬಂದಳು. “ಅವ್ವಾ, ನನ್ನ ಬದ್ಲಿ ಇವರು ನಾಕ ಮಂದಿ ಅದಾರ. ನಾ ಸಾಲಿಗಿ ಹೊಂಟೇನಿ.”

ಬೈಯಲು ಬಾಯಿ ತೆರೆದವಳು ದಾರಿ ಬಿಟ್ಟೆ.

‘ಇವತ್ತೊಂದು ದಿನ’ ಎಂದು ನಮ್ಮವ್ವ ಹೇಳಿದಾಗಲೆಲ್ಲ ಮನೆಯಲ್ಲುಳಿದು, ಏಳನೆಯದಕ್ಕೇ ಶಾಲೆ ಬಿಟ್ಟವಳು ನಾನು. ನಾನೂ ಎಷ್ಟೋ ಮನೆಗಳ ಶಾವಿಗೆಗೆ ಕೈಜೋಡಿಸಿದ್ದೆ. ಆ ಮುಯ್ಯಿಯನ್ನು ಶಾಲೆಗಾಗಿ ಕೇಳಬಹುದೆಂದು ನನಗೆ ಹೊಳೆದಿರಲೇ ಇಲ್ಲ.